ಎಷ್ಟು ಎಳೆಯುತ್ತದೆ, ಎಷ್ಟು ಹೊರುತ್ತದೆ

ಏಪ್ರಿಲ್ 5, ಶನಿವಾರ

ಶಿಫ್ಟ್ ಮುಗಿಸಿ ಬಂದು ಅನ್ನಕ್ಕಿಟ್ಟೆ. ಡ್ರೈವ್‌ವೇಯಲ್ಲಿ ಇವತ್ತೂ ಕಾರಿಗೆ ಜಾಗವಿಲ್ಲ. ಒಂದು ಕಡೆ ದೋಣಿ, ಒಂದು ಕಡೆ ಕ್ಯಾಂಪರ್. ಹಾಸಿಗೆ, ಒಲೆ, ನೀರಿನ ಟ್ಯಾಂಕು ಎಲ್ಲ ಇರುವ ಆ ಡಬ್ಬಿಮನೆಯನ್ನು ಪಿಕಪ್ ಟ್ರಕ್ಕಿನ ಬೆನ್ನಿಗೇರಿಸಬೇಕಂತೆ, ದೋಣಿಯನ್ನು ಹಿಂದೆ ಕಟ್ಟಬೇಕಂತೆ. ಎರಡೂ ಬಂದು ಕೂತಿವೆ. ಟ್ರಕ್ಕು ಮಾತ್ರ ಇಲ್ಲ.

ಎಲ್ಲರ ಮುಂದೆ ‘ಇವರು’, ‘ನಮ್ಮ ಮನೆಯವರು’. ಈ ಡೈರಿಯಲ್ಲಾದರೂ ಹೆಸರು ಹಿಡಿಯುತ್ತೇನೆ — ನಿಜಗುಣ.

ಊಟದ ಹೊತ್ತಿಗೂ ಫೋನಿನಲ್ಲಿ ಟ್ರಕ್ಕಿನ ವಿಡಿಯೊ. “ಇದು ಹನ್ನೊಂದು ಸಾವಿರ ಪೌಂಡ್ ಎಳೀತೈತಿ ನೋಡು!”

“ಎಳೀಲಿರಿ. ಬೆನ್ನ ಮ್ಯಾಲೆ ಎಷ್ಟು ಹೊರತೈತಿ?”

“ಎಲ್ಲಾ ಒಂದ.”

ಒಂದೇ ಅಲ್ಲ. ಹುಬ್ಬಳ್ಳಿಯಲ್ಲಿ ಮೆಕ್ಯಾನಿಕಲ್ ಓದಿದವಳು ನಾನು. ಈ ದೇಶಕ್ಕೆ ಬಂದ ಮೇಲೆ ವಾನ್ ಊರಿನ ಫ್ಯಾಕ್ಟರಿಯಲ್ಲಿ ಹತ್ತು ವರ್ಷದಿಂದ ಗೋದಾಮಿನ ಕಬ್ಬಿಣದ ರ‍್ಯಾಕು ಎಷ್ಟು ಭಾರ ತಡೆಯುತ್ತದೆಂದು ಪರೀಕ್ಷಿಸಿ ಲೇಬಲ್ ಹಚ್ಚುತ್ತೇನೆ. ಸಾರು ಬಡಿಸಿದೆ.

ಏಪ್ರಿಲ್ 12, ಶನಿವಾರ

ಡೀಲರ್ ಹತ್ತಿರ ಮೂರು ತಾಸು. ಸೇಲ್ಸ್‌ಮನ್ ಒಮ್ಮೆಯೂ ನನ್ನ ಕಡೆ ತಿರುಗಲಿಲ್ಲ. ಅವರಿಬ್ಬರೂ ಎಂಜಿನ್ ನೋಡುತ್ತಿದ್ದಾಗ ಡ್ರೈವರ್ ಬಾಗಿಲು ತೆಗೆದು ಒಳಗಿನ ಹಳದಿ ಚೀಟಿ ಓದಿದೆ. ಜನ, ಸಾಮಾನು ಎಲ್ಲ ಸೇರಿ ಹೊರಬಹುದಾದದ್ದು 715 ಕಿಲೋ, ಅಷ್ಟೇ. ನೀರು, ಗ್ಯಾಸು ತುಂಬಿದ ಕ್ಯಾಂಪರೇ ಸಾವಿರ. ಹಿಂದಿನ ಕೊಕ್ಕೆಯ ಮೇಲೆ ದೋಣಿ ಹೇರುವ ಭಾರ ನೂರಾ ನಲವತ್ತು. ನಾವು ಮೂವರು ಇನ್ನೂರು. ಹತ್ತಿರ ಹತ್ತಿರ ಇಮ್ಮಡಿ. ಇದು ಹಾಫ್-ಟನ್ ಅನ್ನುವ ಸಣ್ಣ ವರ್ಗದ ಗಾಡಿ; ಒನ್-ಟನ್ ಅನ್ನುವುದು ಇದರ ಎರಡು ಪಟ್ಟು ಹೊರುತ್ತದೆ.

“ಈ ಹಾಫ್-ಟನ್ ಸಾಲೂದಿಲ್ರಿ. ಒನ್-ಟನ್ನ ಬೇಕು.”

ನಿಜಗುಣ ಸೇಲ್ಸ್‌ಮನ್ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದ, ನನ್ನ ಹೆಂಡತಿಗೆ ಶೆಲ್ಫು ನೋಡುವ ನೌಕರಿ ಅಂತ. ಸೇಲ್ಸ್‌ಮನ್ ನಕ್ಕ. ಅಮಿತಾನೂ ನಕ್ಕಳು. ಹದಿಮೂರು ವರ್ಷದ ನನ್ನ ಮಗಳು.

ಕಾರಿನಲ್ಲಿ ನಿಜಗುಣನೇ ಮಾತು ತೆಗೆದ. “ಒನ್-ಟನ್ ಅಂದ್ರ ಲಾರಿ ಇದ್ದಂಗ. ಆಫೀಸಿಗೆ ಲಾರಿ ತಗೊಂಡು ಹೋಗಲೇನು?”

ಹಾಫ್-ಟನ್ನೇ ಎಂದು ತೀರ್ಮಾನವಾಯಿತು. ಕಪ್ಪು ಬಣ್ಣ.

ಏಪ್ರಿಲ್ 27, ಭಾನುವಾರ

ಟ್ರಕ್ಕಿನ ಪೂಜೆ. ಸ್ಕಾರ್‌ಬರೋದಿಂದ ಮೈದುನ ಅಮರೇಶ, ಅವನ ಹೆಂಡತಿ ಮಾಧುರಿ ಬಂದಿದ್ದರು. ಅಮರೇಶ ಸಿಟಿ ಬಸ್ ಡ್ರೈವರ್. ಅಣ್ಣನ ಗಾಡಿ ಕಂಡು ಅಣ್ಣನಿಗಿಂತ ಹೆಚ್ಚು ಖುಷಿ ಅವನಿಗೆ.

ಅವರು ಹೋದ ಮೇಲೆ ನಿಜಗುಣ ಕ್ಯಾಂಪರ್ ಏರಿಸಿ ನೋಡಿದ. ಹಿಂಭಾಗ ಕುಸಿದು, ಮುಂದಿನ ಲೈಟು ಎದುರುಮನೆಯ ಮಾಳಿಗೆ ನೋಡುತ್ತಿತ್ತು. ಲೆಕ್ಕ ಬರೆದ ಹಾಳೆಯನ್ನು ಮುಂದಿಟ್ಟೆ.

“ಸ್ಪ್ರಿಂಗಿಗೆ ಗಾಳಿಚೀಲ ಹಾಕಿಸಿದ್ರ ಮುಗೀತು.” ಹಾಳೆಯ ಮೇಲೆ ಚಹಾದ ಕಪ್ಪು ಇಟ್ಟ.

ಗಾಳಿಚೀಲ ಬೆನ್ನು ಎತ್ತುತ್ತದೆ. ಟೈರಿನ ಮೇಲಿನ ಭಾರ ಇಳಿಯುವುದಿಲ್ಲ... ಯಾರಿಗೆ ಹೇಳಲಿ. ಹಾಳೆ ಒರೆಸಿ ಡ್ರಾದಲ್ಲಿಟ್ಟೆ.

ಮೇ 16, ಶುಕ್ರವಾರ, ಸಂಜೆ 7

ನಾಳೆ ಲಾಂಗ್ ವೀಕೆಂಡಿನ ಮೊದಲ ಟ್ರಿಪ್. ಒಮ್ಮೆ ಗಾಡಿಯ ತೂಕ ಮಾಡಿಸಿಕೊಂಡು ಬರೋಣ, ಹತ್ತು ನಿಮಿಷದ ಕೆಲಸ ಅಂದೆ. ಒಲ್ಲೆ ಅಂದ. ಹಾಗಾದರೆ ನಾನೂ ಬರುವುದಿಲ್ಲ, ಅಮಿತಾನೂ ಬರುವುದಿಲ್ಲ ಅಂದೆ.

“ಬರಬ್ಯಾಡ್ರಿ. ಅಮರೇಶ ಬರತಾನ.”

ಅಮಿತಾ ಮೆಟ್ಟಿಲ ಮೇಲಿಂದ, “ಯು ರೂಯಿನ್ ಎವೆರಿಥಿಂಗ್, ಅಮ್ಮಾ.” ಬಾಗಿಲು ಧಡ್.

ಮೇ 17, ಶನಿವಾರ, ಬೆಳಿಗ್ಗೆ 8

ಅಮರೇಶ ಏಳಕ್ಕೇ ಬಂದ. ಹೊಸ ಟೋಪಿ, ಗಾಳ. ಚಹಾ ಕೊಟ್ಟೆ. ಕಪ್ಪು ಹಿಡಿದುಕೊಂಡೇ ಗಾಡಿಗೆ ಒಂದು ಸುತ್ತು ಬಂದು ಹಿಂದಿನ ಟೈರಿನ ಹತ್ತಿರ ಬಗ್ಗಿದ. ನಿಜಗುಣ ಗ್ಯಾರೇಜಿನಲ್ಲಿ ಹಗ್ಗ ಹುಡುಕುತ್ತಿದ್ದ.

“ವೈನಿ, ಟೈರ್ ಭಾಳ ಕೂತಾವಲ್ಲ. ಬರೋಬ್ಬರಿ ಐತೇನು ಎಲ್ಲಾ?”

“ನಿಮ್ಮಣ್ಣನ್ನ ಕೇಳಪಾ,” ಅಂದೆ.

ಅವನು ಕೇಳಲಿಲ್ಲ. ಹೊರಟರು. ಕಪ್ಪು ತೊಳೆದಿಟ್ಟೆ.

ಮೇ 17, ಮಧ್ಯಾಹ್ನ 3

ನಿಜಗುಣನ ಫೋನು. ಬ್ಯಾರಿ ಎಂಬ ಊರು ದಾಟಿದ ಮೇಲೆ ಹೈವೇಯಲ್ಲಿ ಬಲಗಡೆಯ ಹಿಂದಿನ ಟೈರು ಒಡೆದಿದೆ. ದೋಣಿ ಹೊಯ್ದಾಡಿ ಗಾಡಿಯನ್ನೂ ಎಳೆದಿದೆ. ಬಲಕ್ಕೆ ಉರುಳಿ ಹಳ್ಳಕ್ಕೆ ಬಿದ್ದಿದ್ದಾರೆ. ಇವನ ಹಣೆ ತರಚಿದೆ, ಅಷ್ಟೇ. ಇಲ್ಲಿ ಡ್ರೈವರ್ ಕೂರುವುದು ಎಡಕ್ಕೆ; ಬಲಬದಿಯ ಸೀಟಿನಲ್ಲಿದ್ದವನು ಅಮರೇಶ. ಭುಜದ ಎಲುಬು, ಬಲಗೈ ಮಣಿಕಟ್ಟು... ಆಪರೇಷನ್‌ಗೆ ಒಯ್ದಿದ್ದಾರೆ.

ಜೂನ್ 1, ಭಾನುವಾರ

ಎರಡು ವಾರ ಬರೆಯಲಾಗಲಿಲ್ಲ.

ನಿಜಗುಣ ಫೋನಿನಲ್ಲಿ ಎಲ್ಲರಿಗೂ ಒಂದೇ ಕಥೆ ಹೇಳುತ್ತಾನೆ — ಟೈರೇ ಸರಿ ಇರಲಿಲ್ಲ. ನಾನು ಚಪಾತಿ ಲಟ್ಟಿಸುತ್ತ ಕೇಳುತ್ತೇನೆ.

ಅಮರೇಶನ ಬೆರಳು ಪೂರ್ತಿ ಮಡಚುತ್ತಿಲ್ಲ. ಆರು ತಿಂಗಳು ಬಸ್ಸಿಲ್ಲ. ಆಮೇಲೆ ನೋಡೋಣ ಅಂದರಂತೆ ಡಾಕ್ಟರು.

ಜೂನ್ 8, ಭಾನುವಾರ

ಮಾಧುರಿಯ ಫೋನು. “ಅಕ್ಕಾ, ಅವತ್ತು ಅಮಿತಾನ್ನ ಯಾಕ ಕಳಸಲಿಲ್ಲ?”

“ಪರೀಕ್ಷಾ ಇತ್ತವಾ.”

“ಅಮಿತಾ ನನಗ ಎಲ್ಲಾ ಹೇಳ್ಯಾಳ. ಲೆಕ್ಕಾ ಬರದು ಡ್ರಾದಾಗ ಇಟ್ಟಿದ್ರಂತ. ನಿಮ್ಮ ಮಗಳನ್ನ ಉಳಿಸಿಕೊಂಡ್ರಿ. ನಮ್ಮವರಿಗೆ ಒಂದ ಮಾತು ಹೇಳಾಕ ಬಾಯಿ ಬರಲಿಲ್ಲೇನು?”

ಫೋನು ಇಟ್ಟಳು.

ನಿಜ ಬರೆಯುತ್ತೇನೆ. ಅವತ್ತು ಬೆಳಿಗ್ಗೆ ಟೈರು ಒಡೆಯಲಿ ಅಂತಲೇ ಅಂದುಕೊಂಡಿದ್ದೆ. ಬರೀ ಟೈರು. ರಸ್ತೆ ಬದಿಗೆ ನಿಂತು ನನಗೆ ಫೋನು ಮಾಡಲಿ, ‘ನೀನು ಹೇಳಿದ್ದೇ ಖರೆ’ ಅನ್ನಲಿ. ಅಷ್ಟೇ ಬೇಕಿತ್ತು. ಅಮರೇಶನ ನೆನಪಾಗಲಿಲ್ಲ — ಅಲ್ಲ, ಇದು ಸುಳ್ಳು. ಅವನು ಎದುರಿಗೇ ನಿಂತಿದ್ದ. ಕೇಳಿದ್ದ.

ಜೂನ್ 15, ಭಾನುವಾರ

ನಿಜಗುಣ ನನ್ನ ಪಕ್ಕ ಬಂದು ಕೂತ. ಕೈಯಲ್ಲಿ ಒನ್-ಟನ್ ಟ್ರಕ್ಕಿನ ಕ್ಯಾಟಲಾಗು. “ಈ ಸಲ ನೀನ ಲೆಕ್ಕಾ ಹಾಕಿಕೊಡು.”

ಮದುವೆಯಾಗಿ ಹದಿನಾರು ವರ್ಷ. ಇಂಥದ್ದು ಕೇಳಿದ್ದು ಇದೇ ಮೊದಲು. ಹಾಕಿಕೊಟ್ಟೆ. ಸರಿಯಾಗಿಯೇ ಹಾಕಿಕೊಟ್ಟೆ. ಸಂಜೆ ಯಾರಿಗೋ ಫೋನಿನಲ್ಲಿ, “ನಾ ಕೂತು ಎಲ್ಲಾ ಲೆಕ್ಕಾ ಹಾಕೇನಿ,” ಅನ್ನುತ್ತಿದ್ದ. ಸಿಟ್ಟು ಕೂಡ ಬರಲಿಲ್ಲ.

ಜೂನ್ 22, ಭಾನುವಾರ

ಒಬ್ಬಳೇ ಸ್ಕಾರ್‌ಬರೋಗೆ ಹೋದೆ. ಜೋಳದ ರೊಟ್ಟಿ, ಶೇಂಗಾ ಚಟ್ನಿ ಒಯ್ದಿದ್ದೆ. ನೆಲದಡಿಯ ಸಬ್‌ವೇ ರೈಲಿನಲ್ಲಿ ಕೂತು ಹೇಳಬೇಕಾದ್ದನ್ನೆಲ್ಲ ಜೋಡಿಸಿಕೊಂಡಿದ್ದೆ. ನನಗೆ ಗೊತ್ತಿತ್ತು, ನೀ ಕೇಳಿದಾಗ ಹೇಳಲಿಲ್ಲ, ತಪ್ಪಾಯಿತು.

ಮಾಧುರಿ ಬಾಗಿಲು ತೆಗೆದು ಒಳಗೆ ಹೋದಳು. ಅಮರೇಶ ಸೋಫಾದಲ್ಲಿದ್ದ. ಬಲಗೈ ದಿಂಬಿನ ಮೇಲೆ. ಬಾಯಿ ತೆರೆದೆ. ಅಷ್ಟರಲ್ಲಿ ಅಡುಗೆಮನೆಯಿಂದ ಮಾಧುರಿ, “ಕೇಳ್ರಿ ಅವರನ್ನ. ಗೊತ್ತಿತ್ತೋ ಇಲ್ಲೋ, ನೀವ ಕೇಳ್ರಿ.”

ಅಮರೇಶ ನಕ್ಕುಬಿಟ್ಟ. “ಸುಮ್ನಿರ ಮಾಧುರಿ. ದಿನಾ ಬಸ್ ಹೊಡಿಯೋ ನನಗ ತಿಳೀಲಿಲ್ಲ. ಪಾಪ, ವೈನಿಗೆ ಗಾಡಿ ವಿಷಯ ಏನ್ ತಿಳೀತೈತಿ? ಹೌದಿಲ್ಲೋ ವೈನಿ?”

ಮಾಧುರಿ ಬಾಗಿಲಲ್ಲಿ ಬಂದು ನಿಂತಿದ್ದಳು. ನನ್ನನ್ನೇ ನೋಡುತ್ತಿದ್ದಳು.

“ಹೌದಪಾ,” ಅಂದೆ. “ನನಗೇನ ತಿಳೀತೈತಿ.”

ಅವನು ಡಬ್ಬಿ ಹತ್ತಿರಕ್ಕೆ ಎಳೆದುಕೊಂಡ. ಖಡಕ್ ರೊಟ್ಟಿ. ಎಡಗೈ ಒಂದರಿಂದ ಮುರಿಯಲು ನೋಡಿದ, ಜಾರಿತು. ಮುರಿದು ಕೊಡಲು ಕೈ ಚಾಚಿದೆ. ಮಾಧುರಿ ಬಂದು ರೊಟ್ಟಿ ಎತ್ತಿಕೊಂಡಳು. ನಾನು ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡೆ.