ನೂಲುವ ಕೈಗೆ ನಂಬರಿಲ್ಲ

ಮಾನ್ಯ ಯೋಜನಾಧಿಕಾರಿಗಳೇ,

ತಂಬ್ರಹಳ್ಳಿ ಹತ್ತಿರದ ಹಟ್ಟಿಯೊಂದರಲ್ಲಿ ನಲವತ್ತು ವರ್ಷದಿಂದ ಕಂಬಳಿಯ ನೂಲು ತೆಗೆಯುತ್ತಿರುವ ಭರಮಮ್ಮ ಎಂಬ ಹೆಂಗಸನ್ನು ತಮ್ಮ ಕಚೇರಿ ‘ಕುಶಲಕರ್ಮಿಯಲ್ಲ’ ಎಂದು ಲಿಖಿತವಾಗಿ ತೀರ್ಮಾನಿಸಿದೆ. ಆ ಕಾಗದದ ನಕಲು ನನ್ನ ಮುಂದಿದೆ. ದುಂಡು ಮೊಹರು, ಹಸಿರು ಶಾಯಿಯ ಸಹಿ, ಜಾವಕ ಸಂಖ್ಯೆ ಎಲ್ಲವೂ ಸರಿಯಾಗಿವೆ. ಬರೆದ ವಿಷಯವೊಂದೇ ಸುಳ್ಳು. ಈ ಸುಳ್ಳಿನ ಮೊದಲ ಅಕ್ಷರವನ್ನು ಬರೆದವನು ನಾನೇ. ಅದಕ್ಕೇ ಮೂರು ವಾರದಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಕಚೇರಿಗೆ ಕೊಟ್ಟ ಕಾಗದ ಕಡತದಲ್ಲಿ ಮಲಗುತ್ತದೆಂಬುದು ನನ್ನ ಕಸುಬಿನ ಅನುಭವವಾದ್ದರಿಂದ ಇದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ.

ನಾನು ಹಗರಿಬೊಮ್ಮನಹಳ್ಳಿಯಲ್ಲಿ ಹದಿನೆಂಟು ವರ್ಷದಿಂದ ಅರ್ಜಿ ಬರೆಯುತ್ತಿರುವವನು. ಬೇವಿನ ಮರ, ಒಂದು ಮೇಜು, ಒಂದು ಟೈಪ್‌ರೈಟರು. ಎರಡು ಸಾವಿರದ ಮೂರರಲ್ಲಿ ತಮ್ಮ ಸೇವಾ ಕೇಂದ್ರದವರು ಉಣ್ಣೆ ಕುಶಲಕರ್ಮಿಗಳ ಸಮೀಕ್ಷೆ ಮಾಡಿದಾಗ ಫಾರಂ ತುಂಬಲು ನನ್ನನ್ನು ಕರೆದಿದ್ದರು. ಭರಮಮ್ಮ ತನ್ನ ಗಂಡ ಜಂಬಯ್ಯನ ಜೊತೆ ಬಂದಿದ್ದಳು. ಜಂಬಯ್ಯ ಕುಣಿಮಗ್ಗದಲ್ಲಿ ನೇಯುವವನು. ಅವನ ಹೆಸರು, ವಯಸ್ಸು, ಕಸುಬು ಬರೆದಾದ ಮೇಲೆ ಅವನು ಮೇಜಿನ ಮೇಲೆ ಬಗ್ಗಿ, “ನಮ್ಮಾಕಿ ಹೆಸರೂ ಹಾಕ್ರಿ. ಉಣ್ಣಿ ಹಿಂಜೋದು, ನೂಲೋದು, ಹುಣಸಿಬೀಜದ ಗಂಜಿ ಹಚ್ಚೋದು ಎಲ್ಲ ಆಕೀದ ಐತಿ. ನಂದು ನೇಯೋದಷ್ಟ” ಎಂದ. ತಮ್ಮ ಫಾರಂನಲ್ಲಿ ‘ಕುಶಲಕರ್ಮಿಯ ಹೆಸರು’ ಎಂಬುದಕ್ಕೆ ಇದ್ದದ್ದು ಒಂದೇ ಗೆರೆ. ಹಿಂದೆ ಜನ ಸಾಲು ಹಚ್ಚಿದ್ದರು. “ಜಾಗ ಇಲ್ಲೋ ಮಾರಾಯ” ಎಂದೆ. ಕೆಳಗೆ ‘ಪತ್ನಿಯ ಉದ್ಯೋಗ’ ಎಂಬಲ್ಲಿ, ಯಾರನ್ನೂ ಕೇಳದೆ, ರೂಢಿಯ ಮೇಲೆ ‘ಮನೆಗೆಲಸ’ ಎಂದು ಬರೆದೆ. ಬರೆಯಲು ಮೂರು ಸೆಕೆಂಡೂ ಹಿಡಿಯಲಿಲ್ಲ.

ಮರುವರ್ಷ ತಾವು ಪಟ್ಟಣದಿಂದ ತಜ್ಞರನ್ನು ಕರೆಸಿದಿರಿ. ‘ಸುಸ್ಥಿರ ಭವಿಷ್ಯಕ್ಕಾಗಿ ಸೇವಾ ವಿನ್ಯಾಸ’ ಎಂದು ಪ್ಲಾಸ್ಟಿಕ್ಕಿನ ಬ್ಯಾನರು ಕಟ್ಟಿದ್ದಿರಿ. ಇಪ್ಪತ್ತು ವರ್ಷ ಹೊದ್ದು, ಹರಿದ ಮೇಲೆ ಕರುವಿನ ಕೆಳಗೆ ಹಾಸಿ, ಕಡೆಗೆ ತಿಪ್ಪೆಗೆ ಗೊಬ್ಬರವಾಗುವ ವಸ್ತುವನ್ನು ಮಾಡುವವರಿಗೆ ಸುಸ್ಥಿರತೆಯನ್ನು ಕಲಿಸಲು ಅಷ್ಟು ದೂರದಿಂದ ಬಂದ ಅವರ ಶ್ರಮವನ್ನು ನಾನು ಹೀಗಳೆಯುವುದಿಲ್ಲ. ತಜ್ಞರು ದೊಡ್ಡ ಹಾಳೆಯ ಮೇಲೆ ಒಂದು ಕುರಿ ಬರೆದರು, ಬಾಣ ಎಳೆದು ಮಗ್ಗದ ಮುಂದೆ ಕೂತ ಗಂಡಸನ್ನು ಬರೆದರು, ಮತ್ತೊಂದು ಬಾಣ ಎಳೆದು ಗಿರಾಕಿಯನ್ನು ಬರೆದರು. ಹಿಂದಿನ ಸಾಲಿನಿಂದ ಭರಮಮ್ಮ ಎದ್ದು ನಿಂತಳು.

“ಸಾಹೇಬ್ರ, ಒಂದು ಮಾತು ಕೇಳ್ತೀನ್ರಿ. ಕುರಿ ಮೈಮ್ಯಾಗಿನ ಉಣ್ಣಿ ತಾನ ಹಾರಿ ಬಂದು ಮಗ್ಗದಾಗ ಕುಂದರ್ತೈತೇನ್ರಿ?”

ಸಭೆಯೆಲ್ಲ ನಕ್ಕಿತು. ತಜ್ಞರೂ ನಕ್ಕರು. ತಮ್ಮ ನಡಾವಳಿ ಪುಸ್ತಕದಲ್ಲಿ ಏನು ದಾಖಲಾಯಿತು ಬಲ್ಲಿರಾ? ‘ಮಹಿಳೆಯರು ಉತ್ಸಾಹದಿಂದ ಭಾಗವಹಿಸಿದರು.’ ಅದನ್ನು ಟೈಪು ಮಾಡಿದವನೂ ನಾನೇ. ಪ್ರಶ್ನೆಯನ್ನು ಉತ್ಸಾಹವೆಂದು ದಾಖಲಿಸುವ ಈ ವಿದ್ಯೆಯನ್ನು ತಮ್ಮ ಕಚೇರಿ ಯಾವ ತಜ್ಞರಿಂದ ಕಲಿಯಿತು?

ಎರಡು ಸಾವಿರದ ಐದರ ಬೇಸಿಗೆಯಲ್ಲಿ ಜಂಬಯ್ಯನಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ತೊದಲಿತು. ಸಮೀಕ್ಷೆಯ ನಂತರ ಅವನಿಗೆ ಸಿಕ್ಕಿದ್ದ ನಂಬರಿನ ಕಾರ್ಡು ನವೀಕರಿಸಲು ಕುಶಲಕರ್ಮಿ ಖುದ್ದು ಬಂದು ನೇಯ್ದು ತೋರಿಸಬೇಕೆಂಬುದು ತಮ್ಮ ನಿಯಮ. ಕಾರ್ಡು ಇಲ್ಲದಿದ್ದರೆ ಉಣ್ಣೆ ಡಿಪೋದೊಳಕ್ಕೆ ಪ್ರವೇಶವಿಲ್ಲ, ಹಿಂಜುವ ಯಂತ್ರವನ್ನು ಮುಟ್ಟುವಂತಿಲ್ಲ. ಭರಮಮ್ಮ ತನ್ನ ಹೆಸರಿಗೆ ಕಾರ್ಡು ಕೊಡಿರೆಂದು ನನ್ನಿಂದ ಅರ್ಜಿ ಬರೆಸಿ, ನನ್ನನ್ನೇ ಜೊತೆಗೆ ಕರೆದುಕೊಂಡು ಕೇಂದ್ರಕ್ಕೆ ಬಂದಳು. ಪರಿವೀಕ್ಷಕರು ಕಡತದಿಂದ ತಲೆ ಎತ್ತದೆ ಕೇಳಿದರು.

“ನೇಯಾಕ ಬರ್ತದೇನಮ್ಮ?”

“ನೇಯೋದು ನಮ್ಮನಿಯವರದ್ರಿ. ನೂಲು ನಂದು. ಇಲ್ಲೇ ಕುಂತು ತಗದು ತೋರಸ್ತೀನಿ, ನೋಡ್ರಿ” ಎಂದು ಅವಳು ಸೆರಗಿನ ಗಂಟಿನಿಂದ ಉಣ್ಣೆ ತೆಗೆದಳು.

“ಅದೆಲ್ಲ ಬ್ಯಾಡ. ನೂಲು ಕಚ್ಚಾ ಸಾಮಾನು. ಕಚ್ಚಾ ಸಾಮಾನು ಮಾಡೋರು ಕುಶಲಕರ್ಮಿ ಆಗೂದಿಲ್ಲ. ನಿಮ್ಮ ಫಾರಂನಾಗೂ ಮನೆಗೆಲಸ ಅಂತ ಐತಿ” ಎಂದು ಅವರು ನನ್ನ ಅಕ್ಷರದ ಮೇಲೆ ಬೆರಳಿಟ್ಟರು. ಅದನ್ನೇ ಕಾಗದದ ಮೇಲೆ ಬರೆಸಿ, ಮೊಹರು ಹಾಕಿಸಿ ಅವಳ ಕೈಗಿಟ್ಟರು.

ಅವಳು ನನ್ನ ಕಡೆ ನೋಡಿದಳು. ಉಣ್ಣೆಯನ್ನೂ ಆ ಕಾಗದವನ್ನೂ ಸೆರಗಿಗೆ ಕಟ್ಟಿಕೊಂಡಳು. ಬಸ್ಸಿನಲ್ಲಿ, “ನಮ್ಮನಿಯವರ ಮುಂದ ಇದನ್ನ ಹೇಳಬ್ಯಾಡ್ರಿ. ನನ್ನ ಹೆಸರಿಗೆ ಕಾರ್ಡು ಮಾಡ್ತಾರಂತ ನಂಬಿ ಕುಂತಾರ” ಎಂದಳು. ಹಟ್ಟಿಗೆ ಹೋದಾಗ ಜಂಬಯ್ಯ ಮಂಚದಿಂದಲೇ “ಏನಂದ್ರು?” ಎಂದು ತೊದಲಿದ. “ಕೊಡ್ತಾರಂತ” ಎಂದು ಅವಳು ಒಲೆಯ ಕಡೆ ಹೋದಳು. ನಾನೂ ತಲೆಯಾಡಿಸಿದೆ.

ಮುಂದೇನಾಯಿತು? ಕೇಂದ್ರದವರು ಕಾರ್ಡಿದ್ದವರಿಗೆಲ್ಲ ಗಿರಣಿ ನೂಲು ಕೊಟ್ಟರು. ಅದೇ ಹಟ್ಟಿಯ ನೇಕಾರ ಮೈಲಪ್ಪ ಆ ನೂಲಿನಲ್ಲಿ ಕಂಬಳಿ ನೇಯ್ದು ಮಾರಿದ. ಉಚ್ಚಂಗಿದುರ್ಗದ ಕಡೆಯ ಕುರಿಗಾರನೊಬ್ಬ ಒಂದೇ ಮಳೆಗೆ ತಿರುಗಿ ಬಂದು ಅದನ್ನು ಅವನ ಅಂಗಳಕ್ಕೆ ಎಸೆದ. “ಇದೇನು ಕಂಬಳಿನೋ, ಜರಡಿನೋ? ನೆತ್ತಿಗೆ ಬಿದ್ದ ನೀರು ಹಿಮ್ಮಡಕ್ಕ ಇಳೀತು!” ಮೈಲಪ್ಪ ಗಿರಣಿ ನೂಲನ್ನು ಅಟ್ಟಕ್ಕೆ ಹಾಕಿ ಭರಮಮ್ಮನ ಬಾಗಿಲಿಗೆ ಹೋದ. ಅವಳ ನೂಲಿನಲ್ಲಿ ಅವನು ನೇಯ್ದ ಕಂಬಳಿಗೆ ತಮ್ಮದೇ ವಸ್ತುಪ್ರದರ್ಶನದಲ್ಲಿ ಮೊದಲ ಬಹುಮಾನ ಬಂತು. ಮೈಲಪ್ಪ ಸುಳ್ಳು ಹೇಳುವ ಮನುಷ್ಯನಲ್ಲ. ವೇದಿಕೆಯ ಮೇಲೆ ಮೈಕು ಹಿಡಿದು, “ನೂಲು ನಮ್ಮ ಭರಮಕ್ಕಂದ್ರಿ” ಎಂದ. ನಿರೂಪಕರು ಮೈಕು ಇಸಿದುಕೊಂಡು ಮುಂದಿನ ಹೆಸರು ಕರೆದರು.

ಆಗ ತಮಗೆ ಆ ನೂಲು ನೆನಪಾಯಿತು. ಮೂರು ವಾರದ ಹಿಂದೆ, ಇತರ ಹೆಂಗಸರಿಗೆ ತರಬೇತಿ ಕೊಡಲು ಭರಮಮ್ಮನನ್ನು ಕರೆತರಲೆಂದು ತಮ್ಮ ಜೀಪು ಹಟ್ಟಿಗೆ ಹೋಯಿತು. ಫಾರಂ ತುಂಬಲು ನನ್ನನ್ನೂ ಕೂರಿಸಿಕೊಂಡಿದ್ದರು. ತರಬೇತುದಾರರಿಗೆ ಕುಶಲಕರ್ಮಿ ನಂಬರು ಕಡ್ಡಾಯ. ಇವಳಿಗೆ ನಂಬರಿಲ್ಲ. ತಮ್ಮ ಸಿಬ್ಬಂದಿ ಅಂಗಳದಲ್ಲಿ ನಿಂತು ಒಂದು ದಾರಿ ಹುಡುಕಿದರು: “ಮೈಲಪ್ಪನ ನಂಬರಿನ ಕೆಳಗ ಸಹಾಯಕಿ ಅಂತ ಬರೀರಿ.”

ಮಂಚದ ಮೇಲಿದ್ದ ಜಂಬಯ್ಯ ಅದನ್ನು ಕೇಳಿಸಿಕೊಂಡ. ಎಡಗೈ ಊರಿ ಎದ್ದು ಕೂತ.

“ನಂಬರ್... ಕೊಟ್ಟಿಲ್ಲೇನು?”

ಅವನು ಹೆಂಡತಿಯನ್ನು ನೋಡಿದ, ಆಮೇಲೆ ನನ್ನನ್ನು. ದಿಂಬಿನ ಕೆಳಗಿನಿಂದ ತನ್ನ ಹಳೇ ಕಾರ್ಡು ತೆಗೆದು ನನ್ನ ಕಡೆ ಚಾಚಿದ. “ಇದನ್ನೂ ಒಯ್ರಿ. ಇದು... ನಂದೊಬ್ಬಂದ ಅಂತ ಇಟ್ಕಂಡಿದ್ದಿಲ್ಲ ನಾನು.” ಅಷ್ಟು ಹೇಳಲು ಅವನಿಗೆ ಎಷ್ಟೋ ಹೊತ್ತು ಹಿಡಿಯಿತು. ಬಾಯಿಂದ ಜೊಲ್ಲು ಇಳಿಯುತ್ತಿತ್ತು. ಭರಮಮ್ಮ ಸೆರಗಿನಿಂದ ಅದನ್ನು ಒರೆಸಿ ನಮ್ಮ ಕಡೆ ತಿರುಗಿದಳು. “ನಾನು ಯಾರ ಸಹಾಯಕಿನೂ ಅಲ್ರಿ. ಜೀಪು ತಿರುಗಿಸ್ರಿ. ಕಲಿಯೋ ಹೆಂಗಸ್ರು ಇದ್ರ ಇಲ್ಲಿಗೇ ಬರಲಿ, ರೊಟ್ಟಿ ಹಾಕಿ ಕಲಿಸ್ತೀನಿ.”

ಮಾನ್ಯರೇ, ಇದು ಒಂದು ಹಟ್ಟಿಯ ಕಥೆ. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿಯ ಕಡೆ ಹೀಗೆ ‘ಮನೆಗೆಲಸ’ವಾಗಿ ಹೋದವರು ಎಷ್ಟು ಮಂದಿ? ನಾನೊಬ್ಬನೇ ಬರೆದ ಫಾರಂಗಳಲ್ಲಿ ಎಷ್ಟು? ಎಣಿಸಲು ಧೈರ್ಯ ಸಾಲುತ್ತಿಲ್ಲ. ಸೇವೆ ಯಾರಿಗೋ ಅವರನ್ನು ಕೇಳದೆ ವಿನ್ಯಾಸ ಮಾಡುವುದಕ್ಕೆ ಸೇವೆಯೆಂದು ಯಾರು ಹೆಸರಿಟ್ಟರು?

ನನ್ನ ಬೇಡಿಕೆ ದೊಡ್ಡದಲ್ಲ. ಭರಮಮ್ಮನಿಗೆ ಕೊಟ್ಟ ಆ ಕಾಗದವನ್ನು ಹಿಂಪಡೆಯಿರಿ. ಹಿಂಜುವವರು, ನೂಲುವವರು, ಗಂಜಿ ಹಚ್ಚುವವರು, ಎಲ್ಲರಿಗೂ ಅವರವರ ಹೆಸರಿನಲ್ಲೇ ಕಾರ್ಡು ಕೊಡಿ. ಮುಂದಿನ ತಿಂಗಳು ಹೊಸ ಸಮೀಕ್ಷೆಯೆಂದು ಪ್ರಕಟಣೆ ಹೊರಡಿಸಿದ್ದೀರಿ. ಫಾರಂ ಅಚ್ಚಾಗುವ ಮೊದಲು ತಾವೇ ಹಟ್ಟಿಗೆ ಬಂದು ಒಂದು ದಿನ ಅವಳ ಪಕ್ಕದಲ್ಲಿ ಕೂತು ನೋಡಿ. ಜಂಬಯ್ಯ ಕೊಟ್ಟ ಕಾರ್ಡನ್ನು ತಮಗೆ ಕಳಿಸುವ ಪ್ರತಿಯೊಂದಿಗೆ ಲಗತ್ತಿಸಿದ್ದೇನೆ. ಸ್ವೀಕೃತಿ ಕೊಡಿ. ಕಾರ್ಡು ತಮಗೆ ಮುಟ್ಟಿತೇ ಎಂದು ಅವನು ದಿನವೂ ಕೇಳಿ ಕಳಿಸುತ್ತಿದ್ದಾನೆ.

ಇಂತಿ,
ಹದಿನೆಂಟು ವರ್ಷ ಅಚ್ಚುಕಟ್ಟಾಗಿ ತಪ್ಪು ಬರೆದುಕೊಟ್ಟ
ಗುರುಶಾಂತ
ಅರ್ಜಿ ಬರಹಗಾರ, ಹಗರಿಬೊಮ್ಮನಹಳ್ಳಿ