ಆಯಿಗೆ ಸಿಕ್ಕ ಪಾತ್ರ

ಸಾಂಗಲಿ
ಸೆಪ್ಟೆಂಬರ್ ೨೫, ಬುಧವಾರ ಮಧ್ಯಾಹ್ನ

ಪ್ರೀತಿಯ ಮೃದು,

ನಿನ್ನ ಅಕ್ಕ ಕಾಗದ ಬರೆದಿದ್ದಾಳೆ ಅಂದರೆ ಏನೋ ಗ್ರಹಚಾರ ಕಾದಿದೆ ಅಂತ ಲಕೋಟೆ ಒಡೆಯುವ ಮೊದಲೇ ನಿನಗೆ ಅನ್ನಿಸಿರುತ್ತದೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ‘ನೋಡೋಣ ಅಕ್ಕಾ’ ಅನ್ನುತ್ತೀ, ಅಷ್ಟರಲ್ಲಿ ಇಂದೋರಿನ ನಿಮ್ಮ ಮನೆಯಲ್ಲಿ ಕುಕ್ಕರ್ ಕೂಗುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಈಗ ಆಯಿ ಮಲಗಿದ್ದಾಳೆ. ನನ್ನ ಒಂದು ಕಿವಿ ಬಾಗಿಲ ಚಿಲಕದ ಕಡೆಗೇ ಇದೆ. ಅಕ್ಷರ ಅಡ್ಡಾದಿಡ್ಡಿ ಓಡಿದರೆ ಹೊಂದಿಸಿಕೊಂಡು ಓದು.

ಸುತ್ತಿ ಬಳಸಿ ಹೇಳಲು ಪುರುಸೊತ್ತಿಲ್ಲ. ನೀನು ಬಂದು ನವೆಂಬರ್ ಕೊನೆಯವರೆಗೆ ಇಲ್ಲಿರಬೇಕು. ಸಂಜೆ ಹೊತ್ತು ಆಯಿಯ ಹತ್ತಿರ ಕೂರಬೇಕು. ನಾನು ನಾಟಕ ಮಾಡಬೇಕು. ನಗಬೇಡ.

ನಮ್ಮ ಗಾವಭಾಗದ ಹವ್ಯಾಸಿ ಮಂಡಳಿ ಈ ಸಲ ಸ್ಪರ್ಧೆಗೆ ಹೊಸ ನಾಟಕ ಎತ್ತಿಕೊಂಡಿದೆ. ಮರೆವಿನ ರೋಗ ಹಿಡಿದ ತಾಯಿ, ಅವಳನ್ನು ನೋಡಿಕೊಳ್ಳುವ ಮಗಳು, ಅದೇ ಕಥೆ. ಮನೆಯಲ್ಲಿ ಪುಕ್ಕಟೆ ನಡೆಯುತ್ತಿರುವುದನ್ನು ಸ್ಟೇಜಿನ ಮೇಲೆ ಯಾಕೆ ಮಾಡಬೇಕು ಅಂತ ನೀನು ಕೇಳುತ್ತೀ. ಪಕ್ಕದ ಮನೆಯ ಸಪ್ರೆ ವಹಿನಿಯೂ ಅದನ್ನೇ ಕೇಳಿದರು. ನಾನು ಮಗಳ ಪಾತ್ರಕ್ಕೆ ಹೋಗುತ್ತಿದ್ದೇನೆ ಅಂತಲೇ ಎಲ್ಲರೂ ತಿಳಿದಿದ್ದರು. ನನಗೆ ಬೇಕಾಗಿದ್ದು ತಾಯಿಯ ಪಾತ್ರ.

ಎರಡನೇ ಅಂಕದಲ್ಲಿ ಮಗಳು ತಾಯಿಯ ತಲೆ ಬಾಚುತ್ತಾಳೆ. ಆಮೇಲೆ ಮೆತ್ತಗಿನ ಅನ್ನಕ್ಕೆ ತುಪ್ಪ ಕಲಸಿ ತಿನ್ನಿಸುತ್ತಾಳೆ. ಆ ಪುಟ ಓದಿದಾಗ ನನಗೆ ಹೊಟ್ಟೆಕಿಚ್ಚಾಯಿತು ಮೃದು. ಆ ಕಾಗದದ ಮುದುಕಿಯ ಮೇಲೆ ಹೊಟ್ಟೆಕಿಚ್ಚು! ನನ್ನ ತಲೆಯನ್ನು ಇನ್ನೊಬ್ಬರು ಬಾಚಿ ಎಷ್ಟು ಕಾಲವಾಯಿತು ಹೇಳು. ಯಾವ ಮಾತ್ರೆ ಯಾವ ಹೊತ್ತಿಗೆ, ಗ್ಯಾಸ್ ಆರಿಸಿದೆನೋ ಇಲ್ಲವೋ, ಗೇಟಿಗೆ ಬೀಗ ಬಿತ್ತೋ ಇಲ್ಲವೋ, ಇದು ಯಾವುದೂ ನೆನಪಿಡದೆ ದಿನಾ ಸಂಜೆ ಸ್ವಲ್ಪ ಹೊತ್ತು ಕುರ್ಚಿಯ ಮೇಲೆ ಸುಮ್ಮನೆ ಕೂರುವ ಆಸೆ ನನಗೆ. ಮರೆಯುವ ಸರದಿ ಒಮ್ಮೆ ನನಗೂ ಬರಲಿ ಅನ್ನಿಸಿತು.

ಇರು, ಏನೋ ಸದ್ದಾಯಿತು.

ಏನಿಲ್ಲ, ಮಗ್ಗುಲು ಬದಲಿಸಿದಳು. ಬೆಳಿಗ್ಗೆ ಇಸ್ತ್ರಿ ಪೆಟ್ಟಿಗೆಯನ್ನು ಹಿಟ್ಟಿನ ಡಬ್ಬಿಯಲ್ಲಿ ಹೂತಿಟ್ಟಿದ್ದಳು, ಅದರ ದಣಿವು ಇರಬೇಕು.

ಭಾನುವಾರ ಶಾಲೆಯ ಹಾಲಿನಲ್ಲಿ ಆಡಿಷನ್ ಇತ್ತು. ಸಪ್ರೆ ವಹಿನಿ ಕೊನೇ ಗಳಿಗೆಯಲ್ಲಿ ಮಿರಜಿಗೆ ಹೊರಟುಬಿಟ್ಟರು. ಬೇರೆ ದಾರಿ ಇರಲಿಲ್ಲ, ಆಯಿಯನ್ನೂ ಕರೆದುಕೊಂಡು ಹೋದೆ. ಮದುವೆ ಮನೆಗೆ ಅಂದುಕೊಂಡು ರೇಷ್ಮೆ ಸೀರೆಯೇ ಬೇಕೆಂದು ಹಟ ಹಿಡಿದಳು, ಉಡಿಸಿದೆ. ಸರದಿಗೆ ಕಾಯುವವರ ಸಾಲಿನಲ್ಲೇ ಕೂರಿಸಿ, ಎಲ್ಲೂ ಹೋಗಬೇಡ ಅಂತ ಹೇಳಿ ಸ್ಟೇಜು ಹತ್ತಿದೆ.

ನಿರ್ದೇಶಕ ಅದ್ವೈತ ಪೇಂಡಸೆ ಅಂತ ಪುಣೆಯ ಹುಡುಗ, ಈ ಊರಿನಲ್ಲಿ ಒಬ್ಬರ ಗುರುತೂ ಇಲ್ಲ. ಎಲ್ಲರ ಹಾಗೆ ನಾನೂ ಹಲಗೆ ಮುಟ್ಟಿ ಕಣ್ಣಿಗೊತ್ತಿಕೊಂಡು ಶುರುಮಾಡಿದೆ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ತುಟಿ ಒದ್ದೆ ಮಾಡಿಕೊಳ್ಳುವುದು, ಮಾತು ಸಿಗದಾಗ ಕೈ ಗಾಳಿಯಲ್ಲಿ ತಡಕಾಡುವುದು, ಅಷ್ಟೂ ಆಯಿಯದೇ. ಮುಗಿಸಿದಾಗ ಅವನು ಗಡ್ಡ ಕೆರೆದುಕೊಂಡು, “ಸ್ವಲ್ಪ ಜಾಸ್ತಿ ಆಯ್ತು ಮಾವಶಿ. ನಿಜವಾಗಿ ಮರೆತವರು ಇಷ್ಟೆಲ್ಲಾ ಮಾಡೋದಿಲ್ಲ,” ಅಂದ. ನನಗೆ ಪಾಠ ಹೇಳಲು ಬಂದ! ಮಗಳ ಪಾತ್ರ ನಿಮಗೆ ಚೆನ್ನಾಗಿ ಒಪ್ಪುತ್ತದೆ, ಓದುತ್ತೀರಾ ಅಂತ ಬೇರೆ ಕೇಳಿದ. ನಾನು ಸ್ಟೇಜು ಇಳಿದು, ಹಿಂದಿನ ನಲ್ಲಿಯ ಹತ್ತಿರ ಮುಖ ತೊಳೆಯಲು ಹೋದೆ.

ವಾಪಸು ಬಂದರೆ ಆಯಿ ಸ್ಟೇಜಿನ ಮೇಲೆ.

ಆಮೇಲೆ ತಿಳಿದದ್ದು ಇಷ್ಟು. ಹೆಸರು ಕರೆಯುತ್ತಿದ್ದವಳು ಸಾಲಿನಲ್ಲಿ ಮುಂದೆ ಕೂತ ಆಯಿಯನ್ನು ನೋಡಿ, ಈಗ ನಿಮ್ಮ ಸರದಿ ಬನ್ನಿ ಆಜಿ ಅಂದಳಂತೆ. ಯಾರಾದರೂ ಮರ್ಯಾದೆಯಿಂದ ಬನ್ನಿ ಅಂದರೆ ಆಯಿ ಎಲ್ಲಿಗಾದರೂ ಹೋಗುತ್ತಾಳೆ, ಗೇಟಿಗೆ ಬೀಗ ಹಾಕುವುದು ಅದಕ್ಕೇ ಅಲ್ಲವೇ. ಮೆಟ್ಟಿಲು ಹತ್ತಿದವಳು ಬಗ್ಗಿ ಹಲಗೆ ಮುಟ್ಟಿ ಕಣ್ಣಿಗೊತ್ತಿಕೊಂಡಳಂತೆ. ಗುಡಿಯ ಹೊಸ್ತಿಲು ಅಂದುಕೊಂಡಳೋ ಏನೋ. ಅದನ್ನು ಕಂಡ ಮೇಲೆ ಅದ್ವೈತನಿಗೆ ಅನುಮಾನವೇ ಉಳಿಯಲಿಲ್ಲ, ಯಾರೋ ಹಳೆಯ ಕಾಲದ ನಟಿ ಅಂತ ಎದ್ದು ನಿಂತು ಕೈಮುಗಿದನಂತೆ.

ನಾನು ಓಡಿ ಹೋಗಿ ಇಳಿಸಿಕೊಂಡು ಬರಬೇಕಿತ್ತು. ಹೋಗಲಿಲ್ಲ. ಅಷ್ಟು ಜನರ ಎದುರು ಬೆನ್ನು ನೆಟ್ಟಗೆ ಮಾಡಿ, ಯಾರಿಗೂ ಹೆದರದೆ ಕೂತ ಆಯಿಯನ್ನು ನೋಡಿ ತುಂಬಾ ದಿನವಾಗಿತ್ತು. ಕೊಟ್ಟ ಪುಟವನ್ನು ಬಸ್ ಟಿಕೆಟಿನ ಹಾಗೆ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಮಗಳ ಪಾತ್ರ ಓದುತ್ತಿದ್ದ ಗಾರ್ಗಿ ಅನ್ನುವ ಹುಡುಗಿ ಹಿಂದೆ ನಿಂತು ತಲೆ ಬಾಚುವ ಹಾಗೆ ಮಾಡಿ, ಪುಸ್ತಕದಲ್ಲಿದ್ದಂತೆ, ನಾನು ಯಾರು ಹೇಳು ಆಯಿ ಅಂತ ಕೇಳಿದಳು. ಆಯಿ ಅವಳ ಕೈ ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು.

“ನಿಮಗ್ಯಾಕೆ ತೊಂದರೆ? ನಿಮ್ಮ ಮನೇಲಿ ಕಾಯ್ತಿರ್ತಾರೆ, ಹೊರಡಿ. ನನ್ನ ತಲೆ ನನ್ನ ಮಗಳೇ ಬಾಚೋದು. ಅವಳ ಕೈಯಲ್ಲಿ ಒಂದು ಕೂದಲೂ ಎಳೆಯೋದಿಲ್ಲ,” ಅಂದಳು. ಆಮೇಲೆ ಬಾಗಿಲ ಕಡೆ ತಿರುಗಿ ಕರೆದಳು, “ಮೃದೂ, ಏ ಮೃದೂ, ಬಾಚಣಿಗೆ ತಾರೇ.”

ಹೌದು, ನಿನ್ನನ್ನೇ.

ಆಮೇಲೆ ಚಪ್ಪಾಳೆ. ಅದ್ವೈತ ನನ್ನ ಹತ್ತಿರ ಬಂದು, ನೋಡಿದಿರಾ ಮಾವಶಿ, ಅವರು ಏನೂ ಮಾಡಲೇ ಇಲ್ಲ ಅಂದ. ಪಾತ್ರ ಅವರದೇ, ಯಾವ ಮಂಡಳಿಯವರು ಅವರು, ನಿಮಗೆ ಗೊತ್ತಾ ಅಂತ ಕೇಳಿದ. ನಗು ಬಂತು, ಅಳುವೂ ಬಂತು, ಎರಡನ್ನೂ ನುಂಗಿಕೊಂಡು ಆಯಿಯನ್ನು ರಿಕ್ಷಾ ಹತ್ತಿಸಿದೆ. ದಾರಿಯುದ್ದಕ್ಕೂ ಅವಳು ಮದುವೆಯ ಊಟ ಹಾಕದೆ ಕಳಿಸಿದರು ಅಂತ ಗೊಣಗುತ್ತಿದ್ದಳು. ನಾನು ಆಯಿಯಂತೆ ನಟಿಸಲು ಹೋಗಿ ಆಯಿಯ ಎದುರೇ ಸೋತು ಬಂದಿದ್ದೆ.

ಮಾರನೇ ದಿನ ಅವನನ್ನು ಮನೆಗೆ ಕರೆದೆ. ಆಯಿ ಅವನಿಗೆ ನೀವು ಯಾರ ಪೈಕಿ ಅಂತ ಕೇಳಿದಳು, ಹೇಳಿದ. ಚಹಾ ಮುಗಿಯುವುದರೊಳಗೆ ಅದನ್ನೇ ಮತ್ತೆ ಕೇಳಿದಳು, ಮತ್ತೆ ಕೇಳಿದಳು. ನಾನು ಬಾಯಿಬಿಟ್ಟು ಏನೂ ಹೇಳಬೇಕಾಗಲಿಲ್ಲ. ಪಾಪ, ಕಪ್ಪು ಕೆಳಗಿಡಲೂ ಅವನಿಗೆ ತೋಚಲಿಲ್ಲ. ಹೊರಡುವಾಗ ಗೇಟಿನ ಹತ್ತಿರ ನಿಂತು, ಪಾತ್ರ ನೀವೇ ಮಾಡಿ, ಆದರೆ ಅವರನ್ನು ಅನುಕರಿಸಬೇಡಿ ಅಂದ. ಮತ್ತೆ ಏನು ಮಾಡಲಿ ಅಂದದ್ದಕ್ಕೆ, ನಿಮ್ಮ ತಲೆ ಯಾರಾದರೂ ಬಾಚಲಿ ಅಂತ ಕಾಯುತ್ತಾ ಕೂತುಕೊಳ್ಳಿ, ಸಾಕು ಅಂದ. ಹುಡುಗನಿಗೆ ಅದು ಹೇಗೆ ಗೊತ್ತಾಯಿತೋ!

ತಾಲೀಮು ದಿನಾ ಸಂಜೆ. ಒಂದು ದಿನವೂ ತಪ್ಪಿಸುವ ಹಾಗಿಲ್ಲ. ಅಕ್ಟೋಬರ್ ಐದರೊಳಗೆ ಹೂಂ ಅನ್ನದಿದ್ದರೆ ಪಾತ್ರ ಕೇಳಕರ್ ಬಾಯಿಯವರಿಗೆ ಹೋಗುತ್ತದೆ. ಅವರು ಅಳುವುದನ್ನು ನೀನು ನೋಡಿಲ್ಲ, ಸ್ಪರ್ಧೆಯೇ ಮುಳುಗುತ್ತದೆ. ಸಂಬಳದ ಹೆಂಗಸು ಸಿಕ್ಕಿದ್ದಳು, ಆಯಿ ಅವಳನ್ನು ಕಳ್ಳಿ ಅಂತ ಕೂಗಿ ಬೀದಿಯನ್ನೇ ಸೇರಿಸಿದಳು.

ಹೋದ ಸಲ ಕರೆದಾಗ ನೀನು, ಆಯಿಗೆ ನನ್ನ ಗುರುತೇ ಸಿಗೋದಿಲ್ಲ, ಬಂದು ಏನು ಮಾಡಲಿ ಅಂದಿದ್ದೆ. ನನ್ನ ಗುರುತು ಸಿಗುತ್ತದೆಯೇ? ಎರಡು ವರ್ಷದಿಂದ ನಾನೂ ಅವಳಿಗೆ ಯಾರೋ ನೆರೆಮನೆಯ ವಹಿನಿ. ಆದರೂ ದಿನಾ ತಲೆ ಬಾಚುತ್ತೇನೆ. ನೀನಂತೂ ಅವಳು ಹೆಸರು ಹಿಡಿದು ಕರೆದ ಮಗಳು. ಬಾ ಮೃದು. ನನಗೆ ಸಾಕಾಗಿದೆ. ಇದನ್ನು ಫೋನಿನಲ್ಲಿ ಹೇಳಲು ಆಗಲಿಲ್ಲ.

ಎದ್ದಳು, ಚಿಲಕ ಅಲ್ಲಾಡುತ್ತಿದೆ.

ನಿನ್ನ ಅಕ್ಕ,
ಉಲ್ಕಾ

ತಾ. ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಡಿಸಿದೆ. ಆಯಿ ಅವತ್ತು ಕರೆದದ್ದು ನಿನ್ನನ್ನಲ್ಲ. “ಉಲ್ಕೂ, ಏ ಉಲ್ಕೂ” ಅಂದಳು. ನೀನು ಬರಲಿ ಅಂತ ಹೆಸರು ಬದಲಿಸಿ ಬರೆದೆ. ಆದರೆ ಇಷ್ಟು ಕಾಲದ ಮೇಲೆ ನನಗೆ ಸಿಕ್ಕಿದ್ದನ್ನು ನಿನಗೆ ಕೊಟ್ಟುಬಿಡಲು ಮನಸ್ಸಾಗುತ್ತಿಲ್ಲ. ನಾನು ಬಾಗಿಲಲ್ಲಿ ಸುಮ್ಮನೆಯೂ ನಿಂತಿರಲಿಲ್ಲ, “ಬಂದೆ ಆಯಿ” ಅಂತ ಕೂಗಿ ಸ್ಟೇಜಿನವರೆಗೆ ಓಡಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, “ನಿಮ್ಮನ್ನಲ್ಲ ವಹಿನಿ, ನನ್ನ ಮಗಳನ್ನು ಕರೆದೆ,” ಅಂದಳು. ನನ್ನದೂ ಅಭಿನಯವೇ ಅಂದುಕೊಂಡರು ಎಲ್ಲರೂ, ಚಪ್ಪಾಳೆ ಬಿದ್ದದ್ದು ಆಗ. ಸುಳ್ಳು ಬರೆದದ್ದಕ್ಕೆ ನನ್ನನ್ನು ಬೈಯಲಿಕ್ಕಾದರೂ ಬಾ.