ವೆನಿಂಗ್ ಹೆಸರಿನ ಮುಂದಿನ ಜಾಗ

ಸೆಮರಾಂಗ್
ಜೂನ್ ೧೪, ಭಾನುವಾರ

ಪ್ರೀತಿಯ ಮಗಳು ವೆನಿಂಗ್‌ಗೆ,

ಇಲ್ಲಿ ಎಲ್ಲರೂ ಕ್ಷೇಮ. ಫೋನಿನಲ್ಲಿ ನೀನು, "ಅಪ್ಪ, ನನ್ನ ತಲೆ ಕೆಟ್ಟುಹೋಗಿದೆ, ನೀವೇ ವಿಚಾರಿಸಿ ಒಂದು ಹೇಳಿಬಿಡಿ" ಎಂದೆ. ಬರೆಯುತ್ತ ಹೋದರೆ ವಿಚಾರ ಸ್ಪಷ್ಟವಾದೀತೆಂದು ಈ ಪತ್ರ. ಇನ್ನೂ ಆಗಿಲ್ಲ.

ನಾನು ತಿಳಿದುಕೊಂಡಷ್ಟು ಹೇಳುತ್ತೇನೆ. ಲೆಕ್ಕಪರಿಶೋಧಕರ ತರಬೇತಿ ಒಂದು ವರ್ಷದ್ದು; ನಿನ್ನ ಪದವಿಗೆ ನೇರವಾಗಿ ಹೊಂದುತ್ತದೆ; ಇಲ್ಲಿಯ ವಿಶ್ವವಿದ್ಯಾಲಯದಲ್ಲೇ ಇರುವುದರಿಂದ ಮನೆಯಿಂದ ಹೋಗಿಬರಬಹುದು. ಹೂಡಿಕೆ ವಿಶ್ಲೇಷಕರ ಪರೀಕ್ಷೆಗೆ ಮೂರು ಹಂತ, ಮೂರು ವರ್ಷವಾದರೂ ಬೇಕು, ಎಲ್ಲವೂ ಇಂಗ್ಲಿಷಿನಲ್ಲಿ. ಆದರೆ ನೀನು ಜಕಾರ್ತಾದ ಕೆಲಸ ಬಿಡಬೇಕಿಲ್ಲ. ನಮ್ಮ ನೀರು ಸರಬರಾಜು ಕಚೇರಿಯಲ್ಲಿ ಹರಿದುಹೋದ ನೀರನ್ನು ಅಳೆಯುವವರು ಒಂದು ಕಡೆ, ಮುಂದೆ ಊರಿಗೆ ಎಷ್ಟು ಬೇಕಾದೀತೆಂದು ಅಂದಾಜಿಸುವವರು ಇನ್ನೊಂದು ಕಡೆ. ನಾನು ಎರಡೂ ಕಡೆ ಕೆಲಸ ಮಾಡಿದ್ದೇನೆ. ಯಾವುದು ಮೇಲೆಂದು ಇಂದಿಗೂ ಹೇಳಲಾರೆ.

ನಿನ್ನ ದೊಡ್ಡಪ್ಪ ಪ್ರಯಿತ್ನೊ ಅವರಿಗೆ ಇಂಥ ಗೊಂದಲವಿಲ್ಲ. ನಿನ್ನ ಅಣ್ಣನ ಮದುವೆಯ ಆಮಂತ್ರಣದ ಕರಡು ನಿನ್ನೆ ಮುದ್ರಣಾಲಯದಿಂದ ಬಂತು. ಕೆಳಗೆ ಬಂಧುಗಳ ಹೆಸರುಗಳು, ಎಲ್ಲಕ್ಕೂ ಬಿರುದುಗಳ ಬಾಲ. ನಿನ್ನ ಹೆಸರಿನ ಮುಂದೆ ಆಗಲೇ ಲೆಕ್ಕಪರಿಶೋಧಕಿ ಎಂದಿತ್ತು. ಕೇಳಿದ್ದಕ್ಕೆ ದೊಡ್ಡಪ್ಪ, "ಬೀಗರ ಕಡೆಯವರ ಹೆಸರು ನೋಡಿದೀಯೇನೋ? ಒಂದೊಂದೂ ರೈಲಿನಷ್ಟುದ್ದ! ನಮ್ಮ ಹುಡುಗಿ ಬೋಳು ಎಂಜಿನ್ ಥರ ನಿಲ್ಬೇಕಾ? ಬಿರುದು ಮದುವೆ ಹೊತ್ತಿಗೆ ಬರದಿದ್ರೆ ಅವನ ಮಗು ಹುಟ್ಟೋ ಹೊತ್ತಿಗೆ ಬರುತ್ತೆ ಬಿಡು" ಎಂದರು. ಟೆಂಪೆ ಕರಿಯುತ್ತಿದ್ದ ನಿನ್ನ ಅಮ್ಮ ಒಳಗಿನಿಂದಲೇ, "ಭಾವ, ಇವರು ಪಂಪು ಕೊಳ್ಳೋ ಹಾಗೆ ಯೋಚಿಸ್ತಿದಾರೆ. ಮುಗಿಸೋ ಹೊತ್ತಿಗೆ ಅವಳೇ ರಿಟೈರ್ ಆಗಿರ್ತಾಳೆ" ಎಂದಳು.

ಆ ಬಿರುದನ್ನು ಹೊಡೆದುಹಾಕಿ ಕರಡನ್ನು ಹಿಂದಿರುಗಿಸಿದೆ. ದೊಡ್ಡಪ್ಪ ಮುನಿಸಿಕೊಂಡಿದ್ದಾರೆ. ಸದ್ಯಕ್ಕೆ ನನಗೆ ಖಚಿತವಾಗಿರುವುದು ಅದೊಂದೇ.

ತಿಂಗಳ ಕೊನೆಯೊಳಗೆ ನೀನು ಹೆಸರು ನೋಂದಾಯಿಸಬೇಕು. ಆಯ್ಕೆ ತಪ್ಪಿದರೆ ಹೋಗುವ ವರ್ಷಗಳು ನಿನ್ನವು, ನನ್ನವಲ್ಲ. ಲೆಕ್ಕಪರಿಶೋಧನೆಯನ್ನೇ ಹಿಡಿ ಎಂದು ಇಲ್ಲಿ ಬರೆದು, ಅಳಿಸಿ, ಮತ್ತೆ ಬರೆದಿದ್ದೆ. ಕಾರಣಗಳನ್ನು ಹೊಂದಿಸುವ ಮೊದಲೇ ತೀರ್ಮಾನ ಬಂದು ಕುಳಿತಿರುವುದು ಗಮನಕ್ಕೆ ಬಂತು. ಅಂಥ ಅಳತೆಯನ್ನು ಕಚೇರಿಯಲ್ಲಿ ನಾನು ಒಪ್ಪುವುದಿಲ್ಲ. ಆದ್ದರಿಂದ ನನ್ನ ಸಲಹೆಯನ್ನು ಲೆಕ್ಕಕ್ಕೆ ಹಿಡಿಯದೆ ನೀನೇ ನಿರ್ಧರಿಸು.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತಿ ನಿನ್ನ ಅಪ್ಪ,
ಸುಗಿಯಾರ್ತೊ

ಇನ್ನೊಂದು ಮಾತು: ಆ ಒಂದು ವರ್ಷದ ತರಬೇತಿ ಜಕಾರ್ತಾದಲ್ಲೂ ಇದೆ, ಸಂಜೆಯ ತರಗತಿಗಳು. ವಿಚಾರಿಸಿದ ದಿನವೇ ನನಗೆ ತಿಳಿದಿತ್ತು. ಅಮ್ಮನಿಗೆ ಹೇಳಿಲ್ಲ, ಅವಳು ನಿನ್ನ ಕೋಣೆಗೆ ಹೊಸ ಪರದೆ ಹೊಲಿಸುತ್ತಿದ್ದಾಳೆ. ಕಿಟಕಿಯ ಅಳತೆ ತೆಗೆದುಕೊಟ್ಟವನು ನಾನೇ.